ಕರೆಯದೆ ಬಂದವು

ಹೊರಗಿನ ಕಡಲು ಸತ್ತ ಮೇಲೆ ಮಲ್ಪೆಯಲ್ಲಿ ಸರ್ಕಾರ ಮನೆಗೊಂದು ಸಮುದ್ರ ಹಂಚಿತ್ತು: ಒಂದು ಗಾಜಿನ ತೊಟ್ಟಿ, ಅದರಲ್ಲಿ ಜೀವವಿರುವ ಹವಳ. ವಾರಿಜಕ್ಕನ ತೊಟ್ಟಿ ನೋಡಿ ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದ.

“ಹವಳ ಅಂಚಿನಿಂದ ಸವೆದು ಬಿಳಿ ಆಗಿದೆ. ತೊಟ್ಟಿಗೆ ಹಾಲು ಹೊಯ್ದಿರಾ ಅಕ್ಕಾ?”

“ನೂಲಹುಣ್ಣಿಮೆಗೆ ಕಡಲಿಗೆ ಹಾಲು ಹೊಯ್ಯದೆ ಇರ್ಲಿಕ್ಕುಂಟಾ?”

ಗಾಜಿನ ಮೇಲೆ ಉಗುರಿನಷ್ಟು ಪುಟ್ಟ ನಕ್ಷತ್ರಮೀನುಗಳು ತೆವಳುತ್ತಿದ್ದವು.

“ಇವು ನಾವು ಕೊಟ್ಟದ್ದಲ್ಲ. ನಾವು ಕೊಡದ ಜೀವ ತೊಟ್ಟಿಯಲ್ಲಿ ಇರಬಾರದು. ಹೆಕ್ಕಿ ಕೊಲ್ಲಿ. ಇಲ್ಲದಿದ್ರೆ ತೊಟ್ಟಿ ವಾಪಸ್ ತಗೊಂಡು ಹೋಗ್ತೇವೆ,” ಎಂದು ಅವನು ಚಿಮಟ ಚಾಚಿದ.

ವಾರಿಜಕ್ಕ ತೊಟ್ಟಿಗೆ ಬೆನ್ನು ಕೊಟ್ಟು ನಿಂತಳು.

“ಹಾಲನ್ನು ಇನ್ನು ಆ ಸತ್ತ ಕಡಲಿಗೇ ಹೊಯ್ತೇನೆ, ಹವಳ ಉಳಿಸ್ತೇನೆ. ಇವನ್ನು ಮಾತ್ರ ಮುಟ್ಟಬೇಡಿ. ನೀವು ಕೊಟ್ಟದ್ದು ಬರೀ ತೊಟ್ಟಿ ಮಾರಾಯ್ರೇ. ಕರೆಯದೆ ಇವು ಬಂದ ಮೇಲೆಯೇ ಅದು ಸಮುದ್ರ ಆದದ್ದು.”