ಚಿಲಕ ಮುರಿದವರು

ಕೊನೆಯ ತಟ್ಟೆ ತೊಳೆದು ಅವಳು ನಲ್ಲಿ ತಿರುಗಿಸಿದಳು. ಎರಡು ಬೆರಳು ತಾಗಿದ್ದೇ ತಡ, ನೀರು ಒಂದು ಹನಿಯೂ ತೊಟ್ಟಿಕ್ಕದೆ ನಿಂತಿತು. ದಿನಗಳೆಷ್ಟೋ ಕಳೆದಿದ್ದರೂ ಈ ಸುಖ ಅವಳಿಗಿನ್ನೂ ಹಳತಾಗಿರಲಿಲ್ಲ.

ಅವಳ ಬೆನ್ನ ಹಿಂದೆ ಗಂಡ ಸ್ನಾನದ ಟವೆಲನ್ನು ಹೆಗಲಿಗೆ ಇಳಿಬಿಟ್ಟುಕೊಂಡು ನಿಂತಿದ್ದ. ಇವತ್ತು ಅದು ಟವೆಲಲ್ಲ, ಕರಿಕೋಟು. ಕಳ್ಳನ ಪರ ವಾದಿಸುವ ವಕೀಲೆ ಮಹಾ ಚುರುಕಂತೆ. ಕೋರ್ಟಿಗೆ ಹೊರಡುವ ಮುಂಚೆ ಹೆಂಡತಿಗೊಂದು ತಾಲೀಮು ಆಗಲೇಬೇಕಿತ್ತು.

“ಹೇಳಿಯಮ್ಮಾ, ಆವತ್ತು ನೀವೇನು ನೋಡಿದ್ರಿ?”

“ಮಾರ್ಕೆಟ್ಟಿಂದ ಬಂದ್ವಿ. ಸಿಂಕಿನ ಕೆಳಗೆ ಎರಡು ಕಾಲು ಕಾಣಿಸ್ತು. ನಮ್ಮನೆಯವರದಲ್ಲ ಅಂತ ತಕ್ಷಣ ಗೊತ್ತಾಯ್ತು.”

“ಹೇಗೆ?”

“ಸಿಂಕಿನ ಕೆಳಗಿದ್ವಲ್ಲ.”

ಕದಿಯಲೆಂದೇ ಬಂದವನು ಅವನು. ಕಸುಬಿನಿಂದ ಪ್ಲಂಬರ್, ಕೆಲಸ ಸಿಗದ ದಿನ ಹೀಗೆ. ಬೀರುವಿನತ್ತ ಹೊರಟವನ ಕಿವಿಗೆ ಅಡುಗೆಮನೆಯ ನಲ್ಲಿ ಟಪ್ ಟಪ್ ಎಂದದ್ದು ಬಿದ್ದಿದೆ. ಪಾಪ, ಕೈ ಸುಮ್ಮನಿರಲಿಲ್ಲ. ಗಂಡ ಅಡುಗೆಮನೆಗೆ ಹೊರಗಿನಿಂದ ಅಗಳಿ ಹಾಕಿ ಪೊಲೀಸರನ್ನು ಕರೆಸುವಷ್ಟರಲ್ಲಿ ಅವನು ಹೊಸ ವಾಷರ್ ಕೂರಿಸಿ ಕೈ ಒರೆಸಿಕೊಂಡಿದ್ದ. ಜೀಪು ಹತ್ತುವಾಗ ತಿರುಗಿ, “ಅಕ್ಕಾ, ಜೋರಾಗಿ ತಿರುಗಿಸ್ಬೇಡಿ, ಎರಡು ಬೆರಳು ಸಾಕು” ಎಂದಿದ್ದ. ಆ ನಲ್ಲಿಯ ವಿಷಯವನ್ನು ಅವಳು ಗಂಡನಿಗೆ ಎಷ್ಟು ಸಲ ಹೇಳಿದ್ದಳೋ, ಲೆಕ್ಕವಿಟ್ಟವರಿಲ್ಲ.

“ಈಗ ಚಿಲಕಕ್ಕೆ ಬರ್ತಾಳೆ ನೋಡು, ಹುಷಾರು,” ಎಂದ ಗಂಡ. “ಏನೂ ಕಳೆದಿಲ್ಲ, ಏನೂ ಮುರಿದಿಲ್ಲ, ಬಾಗಿಲು ತೆರೆದಿತ್ತು ಅನ್ನೋದೇ ಅವಳ ವಾದ. ಚಿಲಕ ಮುರಿದು ನುಗ್ಗಿದ ಅಂತಾದ್ರೆ ಅವನು ವರ್ಷಗಟ್ಟಲೆ ಒಳಗೆ. ಇಲ್ಲಾಂದ್ರೆ ಬಿಟ್ಟೇಬಿಡ್ತಾರೆ.” ಟವೆಲು ಸರಿಮಾಡಿಕೊಂಡ. “ಹೇಳಿಯಮ್ಮಾ, ಹಿತ್ತಲ ಬಾಗಿಲ ಚಿಲಕ ಮುರಿದೋರು ಯಾರು?”

“ನೀವು.”

“ಲೇ, ನಾನೀಗ ವಕೀಲೆ ಕಣೇ.”

“ನೀವಲ್ಲಮ್ಮಾ, ನಮ್ಮನೆಯವರು. ಬೇಸಿಗೇಲಿ ಬಾಗಿಲು ಜಗ್ಗಿದಾಗ ಮುರೀತು. ಅವತ್ತಿಂದ ಸ್ಟೂಲು ಒತ್ತಿಡ್ತಿದೀವಿ.”

ಗಂಡ ಟವೆಲನ್ನು ಕಿತ್ತು ಕುರ್ಚಿಗೆಸೆದ. “ಹುಡುಗಾಟ ಸಾಕು. ಕಳ್ಳ ಮುರಿದ ಅಂತ ಪೊಲೀಸರಿಗೆ ಹೇಳಿ ಆಗಿದೆ. ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಡ.”

“ಹೂಂ.”

ಮುಖ ತೊಳೆಯಲು ಅವಳು ಬಚ್ಚಲಿಗೆ ಹೋದಳು. ತೊಳೆದಾದ ಮೇಲೆ ಅಲ್ಲಿಯ ನಲ್ಲಿಯನ್ನು ಎರಡು ಕೈಯಿಂದ ಬಿಗಿದಳು. ಟಪ್. ಇನ್ನೊಮ್ಮೆ ಬಿಗಿದಳು. ಟಪ್, ಟಪ್. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ತುಸು ಹೊತ್ತು ಅದನ್ನೇ ಕೇಳುತ್ತ ನಿಂತಳು. ಹೊರಬಂದಾಗ ಅವಳ ಮುಖದಲ್ಲಿ ತಾಲೀಮಿನ ಗಾಬರಿ ಒಂದಿಷ್ಟೂ ಇರಲಿಲ್ಲ.

ಗಂಡ ಹಿತ್ತಲ ಬಾಗಿಲಿಗೆ ಕಾಲಿನಿಂದ ಸ್ಟೂಲು ಒತ್ತುತ್ತಿದ್ದ. “ಈ ಚಿಲಕ ನಾಳೆ ಖಂಡಿತ ಹಾಕಿಸ್ತೀನಿ.”

“ಅವಸರವೇನಿಲ್ಲ ಬಿಡಿ,” ಎಂದಳು.

ಅವನು ಸ್ಕೂಟರ್ ತೆಗೆಯಲು ಅಂಗಳಕ್ಕೆ ಇಳಿದ. ಅವಳು ಸ್ಟೂಲನ್ನು ಸದ್ದಾಗದಂತೆ ಎತ್ತಿ ಬಚ್ಚಲ ಬಾಗಿಲ ಪಕ್ಕ ಇಟ್ಟು, ಚಪ್ಪಲಿ ಮೆಟ್ಟಿದಳು.