ಜಗಳದ ಬಸ್ಸು

ನಗರದಲ್ಲಿ ಡೀಸೆಲ್ ನಿಂತುಹೋದ ಮೇಲೆ ಬಂದ ಹೊಸ ಬಸ್ಸುಗಳು ಜಗಳದಿಂದ ಓಡುತ್ತಿದ್ದವು. ಹೊಗೆಯಿಲ್ಲ, ವಾಸನೆಯಿಲ್ಲ, ಒಳಗೆ ಯಾರಾದರೂ ಬೈದಾಡುತ್ತಿದ್ದರೆ ಸಾಕು. ಹಾಗಾಗಿ ಕಂಡಕ್ಟರ್ ಕಾಶವ್ವ ಹತ್ತಿದವರನ್ನೆಲ್ಲ ಮೊದಲು ಕೇಳುತ್ತಿದ್ದುದು, "ಜಗಳ ಐತೇನ್ರಿ?" ಎಂದು. ಇದ್ದವರಿಗೆ ಮುಂದಿನ ಸೀಟು.

ಆ ಬೆಳಿಗ್ಗೆ ಮುಂದಿನ ಸೀಟು ಸಿಕ್ಕಿದ್ದು ಗುರುಪಾದ ಮತ್ತು ಅವನ ಹೆಂಡತಿ ನೀಲವ್ವನಿಗೆ. ವಿಚ್ಛೇದನಕ್ಕೆಂದು ಕೋರ್ಟಿಗೆ ಹೊರಟಿದ್ದರು. ಇಬ್ಬರಿಗೂ ಸೇರಿ ಒಬ್ಬರೇ ವಕೀಲರು, ಹಿಂದಿನ ಸೀಟಿನಲ್ಲಿ ಕೂತಿದ್ದರು. ಗಂಡಹೆಂಡಿರ ದನಿ ಏರಿದಂತೆ ಬಸ್ಸಿನ ವೇಗವೂ ಏರಿತು. ಉಳಿದವರು ನೆಮ್ಮದಿಯಿಂದ ಪೇಪರು ಓದುತ್ತಿದ್ದರು.

ಏರುದಾರಿಯ ನಡುವೆ ನೀಲವ್ವ ಕೂಗಿದಳು, "ನನಗ ಆಪರೇಷನ್ ಆದಾಗ ದವಾಖಾನಿ ಒಳಗ ಒಮ್ಮೆನೂ ಬರಲಿಲ್ಲ ನೀವು!"

"ಬಾಗಿಲ ಹೊರಗ ಕುಂತಿದ್ದೆ," ಎಂದ ಗುರುಪಾದ. "ನಿನ್ನ ನೋಡಿದ್ರ ಅಳು ಬರತಿತ್ತು. ಮಂದಿ ಮುಂದ ಹ್ಯಾಂಗ ಅಳಲಿ?"

ನೀಲವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅವನ ಕೈ ಹಿಡಿದುಕೊಂಡಳು.

ಬಸ್ಸು ನಿಂತಿತು.

"ಏನ್ರೀ ಇದು!" ಕಾಶವ್ವ ಹಣೆ ಚಚ್ಚಿಕೊಂಡಳು. "ಈ ಏರು ದಾಟೂತನಕನಾದ್ರೂ ತಡೀಬಾರದಾ?"

"ಹಿಂಗ ನಡುದಾರಿಯಾಗ ರಾಜಿ ಆದ್ರ ನಾವು ಆಫೀಸು ಮುಟ್ಟೋದು ಯಾವಾಗ?" ಹಿಂದಿನವರು ಗದರಿದರು.

ಎಲ್ಲರಿಗಿಂತ ಜೋರಾಗಿ ಕೂಗಿದವರು ವಕೀಲರು. ನಂಬಿಕೆದ್ರೋಹ ಎಂದರು, ನಾಚಿಕೆಯಾಗಬೇಕು ಎಂದರು. ಅವರೊಬ್ಬರ ಸಿಟ್ಟಿಗೇ ಬಸ್ಸು ದಡಕ್ಕನೆ ಹೊರಟು ಏರು ದಾಟಿತು.

ಕೋರ್ಟಿನ ಸ್ಟಾಪಿನಲ್ಲಿ ಅವರೊಬ್ಬರೇ ಇಳಿದರು.