ಬಾವಿ ಲೆಕ್ಕ

ಏಳನೇ ಕ್ಲಾಸಿನಲ್ಲಿ ನಳಿನಾಕ್ಷಿ ಕೇಳಿದ್ದು ಒಂದೇ ಒಂದು ಪ್ರಶ್ನೆ. ಹತ್ತು ಆಳು ಇಪ್ಪತ್ತು ದಿನಕ್ಕೆ ತೋಡುವ ಬಾವಿಯನ್ನು ಇನ್ನೂರು ಆಳು ಒಂದೇ ದಿನಕ್ಕೆ ತೋಡುತ್ತಾರೆಂದು ಸಿದ್ದರಾಜು ಮೇಷ್ಟ್ರು ಲೆಕ್ಕ ಬಿಡಿಸಿದಾಗ, "ಅಷ್ಟು ಜನ ಬಾವಿಯೊಳಗೆ ಹಿಡಿಸ್ತಾರಾ ಸಾರ್?" ಅಂದಿದ್ದಳು. ಆ ತಪ್ಪಿಗೆ ಪೀರಿಯಡ್ ಮುಗಿಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದ್ದರು.

ಈಗ ಬಿ.ಎಡ್. ಅಭ್ಯಾಸ ಪಾಠಕ್ಕೆ ಅವಳು ಅದೇ ಶಾಲೆಗೆ ಬಂದಿದ್ದಾಳೆ. ಪಾಠ ನೋಡಿ ಅಂಕ ಹಾಕಲು ಹಿಂದಿನ ಬೆಂಚಿನಲ್ಲಿ ಕೂತವರೂ ಅದೇ ಮೇಷ್ಟ್ರು. ಕಾಲೇಜಿನಲ್ಲಿ ಗಣಿತ ಮಾದರೀಕರಣ ಹೇಳಿಕೊಟ್ಟಿದ್ದರು: ಬದುಕಿನ ಲೆಕ್ಕ ಕೊಡಿ, ಅದು ನಿಜಕ್ಕೂ ನಡೆಯುತ್ತಾ ಅಂತ ಮಕ್ಕಳೇ ಪ್ರಶ್ನಿಸಲಿ. ನಳಿನಾಕ್ಷಿ ಅದೇ ಬಾವಿಯ ಲೆಕ್ಕವನ್ನು ಬೋರ್ಡಿಗೇರಿಸಿದಳು. ಅಂದಿನ ತನ್ನ ಪ್ರಶ್ನೆಯನ್ನು ಯಾವುದಾದರೂ ಮಗು ಕೇಳಲಿ, ಈ ಮನುಷ್ಯನ ಎದುರೇ ಇಡೀ ಕ್ಲಾಸಿನ ಕೈಲಿ ಚಪ್ಪಾಳೆ ಹೊಡೆಸ್ತೀನಿ ಎಂದು ಹಲ್ಲು ಕಚ್ಚಿಕೊಂಡು ಕಾದಳು.

"ಈ ಲೆಕ್ಕದಲ್ಲಿ ಏನು ತಪ್ಪಿದೆ, ಹೇಳಿ."

"ಕೆಳಗೆ ಬಂಡೆ ಸಿಕ್ಕಿದ್ರೆ, ಮಿಸ್?"

"ಅದಲ್ಲ. ಕೂತ್ಕೋ."

"ಮಿಸ್, ಮೊದಲೇ ನೀರು ಬಂದ್ಬಿಟ್ರೆ?"

"ಅದೂ ಅಲ್ಲ! ಆಳುಗಳ ಬಗ್ಗೆ ಯೋಚನೆ ಮಾಡ್ರೋ."

ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಆಳು ಯಾಕೆ ಮಿಸ್? ಜೆಸಿಬಿ ತರಿಸಿದ್ರೆ ಆಗಲ್ವಾ?"

ಕ್ಲಾಸು ಗೊಳ್ಳೆಂದು ನಕ್ಕಿತು. ನಳಿನಾಕ್ಷಿಗೆ ಪಿತ್ತ ನೆತ್ತಿಗೇರಿತು.

"ಅಧಿಕಪ್ರಸಂಗಿ! ಬೆಂಚಿನ ಮೇಲೆ ಹತ್ತು!"

ಹಿಂದಿನ ಬೆಂಚಿನಿಂದ ಚಪ್ಪಾಳೆ ಕೇಳಿಸಿತು.

"ಶಭಾಷ್!" ಎಂದರು ಮೇಷ್ಟ್ರು. "ಇವಳು ನನ್ನ ಶಿಷ್ಯೆ ಕಣ್ರೋ."